ಜೀಪಿಗೆ ಟ್ಯೂಬ್ ಡೋರ್: ಮಲೆನಾಡಿನಲ್ಲಿ ಉಪಯೋಗ ಎಷ್ಟು?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಓಡಾಟಕ್ಕೆ ಹಳೆಯ ಮಹೀಂದ್ರಾ ಎಂಎಂ540 ಜೀಪ್ ಇದೆ. ಟಾರ್ಪಾಲ್ ಟಾಪು. ಕ್ಯಾನ್ವಾಸ್ ಬಾಗಿಲು ಹರಿದು ಹೋದ ಮೇಲೆ ಬಾಗಿಲಿಲ್ಲದೇ ಓಡಿಸುತ್ತಿದ್ದೇವೆ. ಶಿವಮೊಗ್ಗದ ವೆಲ್ಡಿಂಗ್ ಶಾಪಿನವರೊಬ್ಬರು ಪೈಪ್ ಬಗ್ಗಿಸಿ ಟ್ಯೂಬ್ ಡೋರ್, ಅಂದರೆ ತಗಡಿಲ್ಲದ ಬರೀ ಪೈಪಿನ ಬಾಗಿಲು, ಮಾಡಿಕೊಡುತ್ತೇನೆ ಅಂತಾರೆ. ನೋಡೋಕೆ ಚೆನ್ನಾಗಿದೆ. ಹಾಕಿಸಿದರೆ ಸೇಫ್ಟಿ ಜಾಸ್ತಿ ಆಗುತ್ತಾ? ಮಗ ಹೊಸ ಥಾರ್ ತಗೊಂಡಿದ್ದಾನೆ, ಅದಕ್ಕೂ ಹಾಕಿಸಬಹುದಾ?

ಉತ್ತರ: ಒಂದೇ ಜೋಡಿ ಬಾಗಿಲು ಮಾಡಿಸುವುದಾದರೆ ತಗಡಿನ ಅರ್ಧ ಬಾಗಿಲು ಮಾಡಿಸಿ. ಕೈಯಲ್ಲಿ ಇನ್ನೂ ದುಡ್ಡು ಉಳಿದರೆ ಟ್ಯೂಬ್ ಡೋರ್ ಎರಡನೇ ಜೋಡಿಯಾಗಿ ಇರಲಿ. ನಿಮ್ಮ ಊರಿನ ಮಳೆ, ಹಳು (ಪೊದೆ, ಗಿಡಗಂಟಿ), ದಾರಿ ಎಲ್ಲ ಯೋಚಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಸೇಫ್ಟಿ ವಿಷಯ. ಪಕ್ಕದಿಂದ ಲಾರಿಯೋ ಕಾರೋ ಬಂದು ಗುದ್ದಿದರೆ ಟ್ಯೂಬ್ ಡೋರ್ ತಡೆಯುವುದಿಲ್ಲ. ಎರಡು ಸಣ್ಣ ಹಿಂಜ್, ಒಂದು ಲಾಕ್ ಮೇಲೆ ನಿಂತಿರುವ ಪೈಪ್ ಅದು. ಅದು ಉಪಯೋಗಕ್ಕೆ ಬರುವುದು ನಿಧಾನವಾಗಿ ಹೋಗುವಾಗ. ಕೊರಕಲಿನಲ್ಲಿ ಜೀಪು ಒಂದು ಕಡೆ ವಾಲಿತು ಅಂದ್ಕೊಳ್ಳಿ. ಕೂತವರ ಕಾಲು ತಾನಾಗಿಯೇ ಹೊರಗೆ ಹೋಗುತ್ತದೆ, ನೆಲಕ್ಕೆ ಊರಿ ತಡೆಯೋಣ ಅಂತ. ಗಾಡಿ ಮಗುಚಿದರೆ ಮೊದಲು ಸಿಕ್ಕಿಕೊಳ್ಳುವುದೇ ಆ ಕಾಲು. ಮಂಡಿಯ ಎತ್ತರಕ್ಕೆ ಒಂದು ಪೈಪ್ ಅಡ್ಡ ಇದ್ದರೆ ಕಾಲು ಒಳಗೇ ಉಳಿಯುತ್ತದೆ. ಇದು ಸಣ್ಣ ಲಾಭವಲ್ಲ. ಏನೂ ಇಲ್ಲದೇ ಓಡಿಸುವುದಕ್ಕಿಂತ ಟ್ಯೂಬ್ ಡೋರ್ ಖಂಡಿತ ಮೇಲು.

ಆದರೆ ಮನುಷ್ಯನನ್ನು ಸೀಟಿನಲ್ಲಿ ಹಿಡಿದಿಡುವುದು ಬೆಲ್ಟು, ಬಾಗಿಲಲ್ಲ. ನಿಮ್ಮ ಜೀಪಿನಲ್ಲಿ ಬೆಲ್ಟ್ ಇಲ್ಲದಿದ್ದರೆ ಬಾಗಿಲಿನ ದುಡ್ಡನ್ನು ಮೊದಲು ಅದಕ್ಕೆ ಹಾಕಿ. ನೆಲದ ತಗಡಿಗೆ ಸುಮ್ನೆ ಬೋಲ್ಟ್ ಹೊಡೆದರೆ ಸಾಲದು, ಎಳೆತಕ್ಕೆ ತಗಡೇ ಹರಿದು ಬರುತ್ತದೆ. ಕೆಳಗಿನಿಂದ ದಪ್ಪ ಪ್ಲೇಟ್ ಕೊಟ್ಟು ಬಿಗಿಸಲು ಹೇಳಿ.

ಇನ್ನು ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯೂಬ್ ಡೋರಿನ ಮಾತೇ ಇಲ್ಲ. ಮಳೆ ಅಡ್ಡ ಹೊಡೆದರೆ ಸೀಟು, ಡ್ಯಾಶು, ವೈರು ಎಲ್ಲ ತೊಪ್ಪೆ. ಚಕ್ರದ ಕೆಸರು ನೇರ ಮಡಿಲಿಗೆ. ಮಳೆ ನಿಂತು ದಾರಿ ಒಣಗಿದ ಮೇಲೆ ಹಾಕೋಣ ಅಂದರೆ ಅದು ಡಿಸೆಂಬರ್‌ನಿಂದ ಮೇವರೆಗಿನ ಕಾಲ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಕಾಲವೂ ಅದೇ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳದಿಂದ. ಆ ತಿಂಗಳುಗಳಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಮರಿ ಉಣುಗು ತರಗೆಲೆ, ಗಿಡಗಂಟಿಗಳಲ್ಲಿ ಕೂತು, ಸವರಿಕೊಂಡು ಹೋದವರಿಗೆ ಅಂಟಿಕೊಳ್ಳುತ್ತದೆ. ಕಾನಿನ ಒಳಗಿನ ಜೀಪ್ ದಾರಿ ಎಷ್ಟು ಅಗಲ ಇರುತ್ತದೆ ಅಂತ ನಿಮಗೇ ಗೊತ್ತು. ಎರಡೂ ಕಡೆಯ ಹಳು ಜೀಪಿನ ಮೈ ಉಜ್ಜುತ್ತಲೇ ಇರುತ್ತದೆ. ತಗಡಿನ ಬಾಗಿಲಿದ್ದರೆ ಸೊಪ್ಪು ಅದಕ್ಕೆ ಉಜ್ಜಿ ಹೋಗುತ್ತದೆ. ಪೈಪಿನ ಸಂದಿಯಿಂದ ಅದು ನಿಮ್ಮ ತೊಡೆಗೇ ಬರುತ್ತದೆ. ಸೀಗೆ ಮೆಳೆ, ಬಿದಿರು ಮುಳ್ಳಿನ ಗೀರು ಬೇರೆ.

ಹಾಗಂತ ಹೆದರಿ ಮನೆಯಲ್ಲೇ ಕೂರಬೇಕಿಲ್ಲ. ಉದ್ದ ಪ್ಯಾಂಟು ಹಾಕಿ, ಉಣುಗು ಅಂಟದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಆದರೆ ಕಾಯಿಲೆ ಕಾಣಿಸಿಕೊಂಡ ಊರಿನ ಸುತ್ತ ಆ ಸೀಸನ್ನಿನಲ್ಲಿ ಟ್ಯೂಬ್ ಡೋರ್ ಹಾಕಿಕೊಂಡು ಹಳುವಿಗೆ ನುಗ್ಗಬೇಡಿ.

ಹಾಗಾದರೆ ಅದರ ಸುಖ ಎಲ್ಲಿ? ಸವರಿ ಸ್ವಚ್ಛ ಮಾಡಿದ ತೋಟದ ದಾರಿಯಲ್ಲಿ, ಗದ್ದೆ ಬಯಲಿನಲ್ಲಿ, ಹಳ್ಳ ದಾಟುವ ಜಾಗದಲ್ಲಿ. ಸ್ವಲ್ಪ ಬಗ್ಗಿದರೆ ಮುಂದಿನ ಚಕ್ರ ಯಾವ ಕಲ್ಲಿನ ಮೇಲಿದೆ, ಧರೆಯ ಅಂಚು ಎಷ್ಟು ದೂರ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಆ ನೋಟ ಯಾವ ಕ್ಯಾಮೆರಾದಲ್ಲೂ ಸಿಗುವುದಿಲ್ಲ. ಜೀಪು ಪ್ರೀತಿಸುವವರು ಟ್ಯೂಬ್ ಡೋರ್ ಕೇಳುವುದು ಇದಕ್ಕೇ, ಅದು ನ್ಯಾಯವೂ ಹೌದು.

ಮಾಡಿಸುವುದೇ ಆದರೆ ಶಾಪಿನಲ್ಲಿ ನಿಂತು ಮಾಡಿಸಿ. 32 ಮಿಲಿಮೀಟರ್ ಹೊರ ಅಳತೆ, 2 ಮಿಲಿಮೀಟರ್ ದಪ್ಪದ ಕಬ್ಬಿಣದ ಪೈಪ್ ಸಾಕು. ಇದು ಮೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಒಂದು ಬಾಗಿಲಿಗೆ ನಾಲ್ಕೈದು ಮೀಟರ್ ಬೇಕು, ಅಂದರೆ 6ರಿಂದ ಏಳೂವರೆ ಕೆಜಿ. ಇದಕ್ಕಿಂತ ಭಾರ ಮಾಡಿದರೆ ಹಳೆಯ ಬಾಡಿಯ ಹಿಂಜ್ ಜಾಗ ಸಡಿಲವಾಗುತ್ತದೆ. ನಲ್ಲಿ ಕೆಲಸದ ಜಿಐ ಪೈಪ್ ಬೇಡ. ಅದರ ಸತುವಿನ ಲೇಪ ವೆಲ್ಡಿಂಗ್ ಶಾಖಕ್ಕೆ ಹೊಗೆಯಾಗಿ ಏಳುತ್ತದೆ, ವೆಲ್ಡರ್ ಎದೆಗೆ ಕೆಟ್ಟದ್ದು, ಬೆಸುಗೆಯೂ ತೂತು ತೂತಾಗುತ್ತದೆ. ಬಗ್ಗಿಸಿದ ಕಡೆ ಪೈಪ್ ಚಪ್ಪಟೆಯಾಗಿ ಮಡಿಕೆ ಬಿದ್ದಿದ್ದರೆ ಆ ತುಂಡು ವಾಪಸ್ ಕೊಡಿ.

ಲಾಕ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ದಣಪೆಗೆ (ತೋಟದ ಗೇಟಿಗೆ) ಹಾಕಿದ ಹಾಗೆ ಒಂದು ಚಿಲಕ ಹಾಕಿ ಕಳಿಸಿಬಿಡುತ್ತಾರೆ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ದಿಬ್ಬ ಹತ್ತಿದಾಗ ತೆರೆದ ಜೀಪಿನ ಬಾಡಿ ಸ್ವಲ್ಪ ತಿರುಚುತ್ತದೆ, ಬಾಗಿಲಿನ ಜಾಗದ ಅಳತೆಯೇ ಆಚೀಚೆ ಆಗುತ್ತದೆ. ಆಗ ಚಿಲಕ ಜಾಮ್ ಆಗುತ್ತದೆ, ಇಲ್ಲಾ ಕಳಚಿಕೊಳ್ಳುತ್ತದೆ. ಕಾರಿನ ಬಾಗಿಲಿನ ಹಾಗೆ ಎರಡು ಸಲ 'ಟಕ್ ಟಕ್' ಅಂತ ಕೂರುವ ಲಾಕನ್ನೇ ಹಾಕಿಸಿ. ಪೂರ್ತಿ ಕೂತ ಎರಡನೇ ಹಂತ ಬಿಟ್ಟರೂ ಮೊದಲನೆಯದು ಹಿಡಿದಿರುತ್ತದೆ. ಅದರ ಹಿಡಿ ಮೊಣಕೈ ತಾಗುವ ಜಾಗದಲ್ಲಿ ಬೇಡ.

ಪೈಪಿನ ತುದಿಗಳನ್ನು ಪೂರ್ತಿ ಮುಚ್ಚಿಸಿ, ತೀರಾ ಕೆಳಗೆ ಒಂದು ಸಣ್ಣ ತೂತು ಬಿಡಿಸಿ. ಇಲ್ಲದಿದ್ದರೆ ಒಳಗೆ ಸೇರಿದ ನೀರು ಹೋಗಲು ದಾರಿಯಿಲ್ಲದೇ ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ. ಮಕ್ಕಳು ಕೂರುವುದಿದ್ದರೆ ಟ್ಯೂಬ್ ಡೋರ್ ಬೇಡವೇ ಬೇಡ. ಬಲೆ ಕಟ್ಟಿದರೂ ಸಣ್ಣ ಕಾಲು ಸಂದಿಯಿಂದ ಹೊರಗೆ ಹೋಗುತ್ತದೆ.

ಮಗನ ಥಾರ್‌ಗೆ ಹಾಕಿಸಬೇಡಿ. 2020ರಲ್ಲಿ ಬಂದ ಈ ಮಾದರಿ ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಎಂಬ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಪರೀಕ್ಷೆಯಲ್ಲಿ 4 ಸ್ಟಾರ್ ಪಡೆದದ್ದು ಕಂಪನಿಯ ಬಾಗಿಲುಗಳ ಜೊತೆಗೆ. ಅವನ್ನು ಬಿಚ್ಚಿದರೆ ಪಕ್ಕದ ರಕ್ಷಣೆ ಹೋಯಿತು. ಹಿಂದೆ ನೋಡುವ ಕನ್ನಡಿಗಳೂ ಬಾಗಿಲಿನಲ್ಲೇ ಇವೆ, ಅವೂ ಹೋದವು. ಪವರ್ ವಿಂಡೋ ವೈರಿಂಗ್ ಕಳಚಬೇಕು, ವಾರಂಟಿ ತಕರಾರು ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. 182ಎ ಕಲಮಿನಲ್ಲಿ ಒಂದೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. 'ಬರೀ ಬೋಲ್ಟ್ ಅಲ್ವಾ, ಏನೂ ಆಗಲ್ಲ' ಅಂತ ಶಾಪಿನವರು ಹೇಳಿದರೂ ನಂಬಬೇಡಿ. ಹಳೆಯ ಜೀಪಿನ ಕೆಲಸಕ್ಕೂ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಪತ್ರ ಬರೆದು ಲಿಖಿತ ಉತ್ತರ ಇಟ್ಟುಕೊಳ್ಳಿ.