ಫಾರಂ ತುಂಬುವುದೇ ಕೆಲಸವೇ?

ಹೆಸರು ಹಾಕಬೇಡಿ ಎಂದಿರುವ ಓದುಗರೊಬ್ಬರ ಪತ್ರದ ಸಾರ ಇಷ್ಟು: ದೊಡ್ಡ ಇಂಧನ ಕಂಪನಿಯೊಂದರಿಂದ ಅವರಿಗೆ ನೇಮಕಾತಿ ಪತ್ರ ಬಂದಿದೆ. ಮನೆಯವರು ಹಿಗ್ಗಿದ್ದಾರೆ. ಅಂಥದೇ ಕಂಪನಿಯಲ್ಲಿ ಆರು ವರ್ಷ ದುಡಿದು ಹೊರಬಂದ ಗೆಳೆಯ ಮಾತ್ರ, ‘ಅಲ್ಲಿ ಎಂಜಿನಿಯರಿಂಗ್ ಎಲ್ಲಿದೆ? ಬೆಳಗಿನಿಂದ ಸಂಜೆಯವರೆಗೆ ಫಾರಂ ತುಂಬುವುದೇ ಕೆಲಸ’ ಎಂದು ಹೆದರಿಸಿದ್ದಾನೆ. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ತೈಲ ಕಂಪನಿಯ ಸಂಬಳ ತೆಗೆದುಕೊಳ್ಳುವುದು ಸರಿಯೇ ಎಂಬ ಅಳುಕೂ ಇದೆ. ‘ಪತ್ರಿಕೆಗೆ ಬರುವ ಮೊದಲು ನೀವೂ ಅಲ್ಲಿದ್ದವರಂತೆ. ಒಳಗೆ ಹೇಗಿರುತ್ತದೆ, ಹೇಳಿ’ ಎಂದು ಕೇಳಿದ್ದಾರೆ.

ನಿಮ್ಮ ಗೆಳೆಯನ ಮಾತು ಓದಿ ನಗು ಬಂತು. ನಾನು ಒಂಬತ್ತು ವರ್ಷ ತೈಲ ಸಂಸ್ಕರಣಾಗಾರವೊಂದರಲ್ಲಿ ಪಾಳಿಯ ಮೇಲೆ ದುಡಿದವನು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿನ ಕಾಗದಗಳಲ್ಲಿ ಎರಡು ಜಾತಿ. ಒಂದು ಮೇಲಕ್ಕೆ ಹೋಗುವ ಕಾಗದ, ಇನ್ನೊಂದು ವಾಲ್ವಿಗೆ ತೂಗುವ ಕಾಗದ. ಮೊದಲನೆಯದನ್ನು ಯಾರು ಓದುತ್ತಾರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಎರಡನೆಯದನ್ನು ಓದದೆ ಹೋದರೆ ಜನ ಸಾಯುತ್ತಾರೆ.

ಒಂದು ಪಂಪ್ ಬಿಚ್ಚಬೇಕೆಂದುಕೊಳ್ಳಿ. ಮೊದಲು ಅದರ ವಿದ್ಯುತ್ ತೆಗೆದು ಸ್ವಿಚ್ಚಿಗೆ ಬೀಗ ಹಾಕಬೇಕು. ಎರಡೂ ಕಡೆಯ ವಾಲ್ವ್ ಮುಚ್ಚಿ, ಒಳಗಿರುವುದನ್ನು ಬಸಿದು, ಅನಿಲ ಉಳಿದಿಲ್ಲವೆಂದು ಅಳೆದು ನೋಡಿ, ಆಮೇಲೆ ಕೆಲಸದ ಅನುಮತಿ ಪತ್ರವಾದ ಪರ್ಮಿಟ್‌ಗೆ ಸಹಿ. ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬನೂ ತನ್ನದೇ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಹಾಕಿದವನೇ ತೆಗೆಯಬೇಕು. ಒಮ್ಮೆ ನಮ್ಮ ಫಿಟ್ಟರ್ ಒಬ್ಬ ಕೆಲಸ ಮುಗಿಸಿ, ಕೀಲಿ ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗಿಬಿಟ್ಟ. ಪಂಪ್ ತುರ್ತಾಗಿ ಬೇಕಿತ್ತು. ಮೇಲಧಿಕಾರಿ ಫೋನಿನಲ್ಲಿ ಕೂಗಾಡುತ್ತಿದ್ದರು: ಬೀಗ ಒಡೆಯಿರಿ. ಕಂಟ್ರೋಲ್ ರೂಮಿನಲ್ಲಿದ್ದ ಹಿರಿಯ ಆಪರೇಟರ್, ‘ಅವನು ಮನೆಯಲ್ಲಿದ್ದಾನೆಂದು ನೀವು ಹೇಳುತ್ತಿದ್ದೀರಿ ಸಾರ್, ಅವನು ಹೇಳಿಲ್ಲ’ ಎಂದು ಫೋನ್ ಇಟ್ಟರು. ಒಂದೂವರೆ ಗಂಟೆಯ ಮೇಲೆ ಫಿಟ್ಟರ್ ಮನೆಯ ಚಪ್ಪಲಿಯಲ್ಲೇ ಗೇಟಿನ ಬಳಿ ಬಂದು ನಿಂತ. ಸುರಕ್ಷತಾ ಬೂಟಿಲ್ಲದೆ ಒಳಗೆ ಬಿಡುವಂತಿಲ್ಲವೆಂದು ಅದಕ್ಕೂ ಹತ್ತು ನಿಮಿಷ ಹಿಡಿಯಿತು. ಆ ರಾತ್ರಿ ಉತ್ಪಾದನೆ ನಷ್ಟವಾಯಿತು, ಬೈಗುಳವೂ ಬಿತ್ತು. ನಾನು ಅಲ್ಲಿ ಕಲಿತ ಎಂಜಿನಿಯರಿಂಗ್‌ನಲ್ಲಿ ಅರ್ಧ ಆ ಒಂದೂವರೆ ಗಂಟೆಯದು.

ಇದು ಅತಿಯಾಯಿತು ಎನಿಸಿದರೆ ಪೈಪರ್ ಆಲ್ಫಾದ ಕಥೆ ಕೇಳಿ. ಉತ್ತರ ಸಮುದ್ರದ ಈ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ವಾಲ್ವ್ ಬಿಚ್ಚಿ ತೆಗೆದಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಆ ಬಾಯಿಗೆ ಲೋಹದ ತಟ್ಟೆಯೊಂದನ್ನು ಕೂರಿಸಿ ಹೋದರು. ಪಂಪಿನ ರಿಪೇರಿಗೆ ಒಂದು ಪರ್ಮಿಟ್, ವಾಲ್ವಿಗೆ ಬೇರೊಂದು. ರಾತ್ರಿ ಹತ್ತರ ಸುಮಾರಿಗೆ ಜೊತೆಯ ಪಂಪ್ ನಿಂತುಹೋದಾಗ ರಾತ್ರಿ ಪಾಳಿಯವರಿಗೆ ಮೊದಲನೆಯ ಪರ್ಮಿಟ್ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ. ರಿಪೇರಿ ಇನ್ನೂ ಶುರುವಾಗಿಲ್ಲವೆಂದು ವಾಲ್ವ್ ಬಿಚ್ಚಿದ್ದ ಆ ಪಂಪನ್ನೇ ಚಾಲೂ ಮಾಡಿದರು. ತಟ್ಟೆಯ ಸಂದಿಯಿಂದ ಅನಿಲ ಸೋರಿ ಹೊತ್ತಿಕೊಂಡಿತು. 167 ಜನ ಸತ್ತರು. ನ್ಯಾಯಾಧೀಶ ಲಾರ್ಡ್ ಕಲೆನ್ ನೇತೃತ್ವದ ವಿಚಾರಣೆ 106 ಶಿಫಾರಸುಗಳನ್ನು ಮಾಡಿತು. ಇಂದು ನೀವು ತುಂಬಲಿರುವ ಫಾರಂಗಳಲ್ಲಿ ಹಲವುಗಳ ಬೇರು ಅಲ್ಲಿದೆ. ಪತ್ರಿಕೆಯಲ್ಲಿ ಒಂದು ಸಾಲು ಬಿಟ್ಟುಹೋದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳುತ್ತೇವೆ. ಈ ಸುಖ ನನಗೆ ಇನ್ನೂ ಒಗ್ಗಿಲ್ಲ.

ದೇಹದ ಮಾತು. ಹನ್ನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ ಮೂರರಿಂದ ಐದರ ನಡುವೆ ನೀವು ನೀವಾಗಿರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಬಗ್ಗೆ ಮೊದಲ ವಾರವೇ ಹೇಳಿಕೊಡುತ್ತಾರೆ: ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡು, ವಾಸನೆ ಥಟ್ಟನೆ ನಿಂತರೆ ಅನಿಲ ಹೋಯಿತೆಂದಲ್ಲ, ಹೆಚ್ಚಾಗಿ ನಿನ್ನ ಮೂಗು ಸತ್ತಿರಬಹುದು. ಕೆಲವು ವರ್ಷಕ್ಕೊಮ್ಮೆ ಸ್ಥಾವರವನ್ನೇ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಬರುತ್ತದೆ. ಆಗ ಗುತ್ತಿಗೆ ಕಾರ್ಮಿಕರು ಸಾವಿರಗಟ್ಟಲೆ ಒಳಬರುತ್ತಾರೆ. ಅತಿ ಬಿಸಿ, ಅತಿ ಇಕ್ಕಟ್ಟು, ಅತಿ ಎತ್ತರದ ಕೆಲಸ ಅವರ ಪಾಲಿಗೆ. ‘ಕೆಲಸ ನಿಲ್ಲಿಸುವ ಅಧಿಕಾರ ಎಲ್ಲರಿಗೂ ಇದೆ’ ಎಂಬ ಫಲಕ ಅವರ ತಲೆಯ ಮೇಲೂ ಇರುತ್ತದೆ. ನಾಳೆ ಗೇಟ್ ಪಾಸ್ ಸಿಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವವನು ಆ ಅಧಿಕಾರ ಬಳಸಿದ್ದನ್ನು ನಾನು ಎರಡೇ ಸಲ ನೋಡಿದ್ದೇನೆ.

ಕೇಂದ್ರ ಕಚೇರಿಯ ಬದುಕು ಬೇರೆಯೇ. ಎರಡು ವರ್ಷಕ್ಕೊಮ್ಮೆ ವಿಭಾಗಗಳ ಹೆಸರು ಬದಲಾಗುತ್ತದೆ, ಕುರ್ಚಿಗಳು ಸರಿದಾಡುತ್ತವೆ. ಇಷ್ಟು ತಿಳಿದಿರಲಿ: ನಿಮ್ಮ ಜಾಣ್ಮೆಗೂ ನಿಮ್ಮ ನೌಕರಿಯ ಭದ್ರತೆಗೂ ಸಂಬಂಧ ಕಡಿಮೆ, ತೈಲದ ಬೆಲೆಗೆ ಹೆಚ್ಚು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ, ಅಂದರೆ ಮುಂದೆ ಒಯ್ಯುವ ಕರಾರಿನ ಬೆಲೆ, ಬ್ಯಾರೆಲ್‌ಗೆ ಸೊನ್ನೆಗಿಂತ 37.63 ಡಾಲರ್ ಕೆಳಗಿಳಿಯಿತು. ಒಯ್ಯುವವರಿಗೇ ದುಡ್ಡು ಕೊಡಬೇಕಾದ ದಿನ. ಬೆಲೆ ಕುಸಿದಾಗ ಮೊದಲು ತರಬೇತಿ ನಿಲ್ಲುತ್ತದೆ, ಆಮೇಲೆ ನೇಮಕಾತಿ, ಆಮೇಲೆ ಜನ. ಒಳ್ಳೆಯ ಸಂಬಳ ಬರುವಾಗ ಉಳಿಸಿ, ಆದರೆ ಉಳಿತಾಯವನ್ನೆಲ್ಲ ಅದೇ ಕಂಪನಿಯ ಷೇರಿನಲ್ಲಿ ಹಾಕಬೇಡಿ. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿಯಾದಾಗ ಅದರ ಸಾವಿರಾರು ನೌಕರರು ಕೆಲಸವನ್ನೂ ನಿವೃತ್ತಿಯ ಹಣವನ್ನೂ ಒಟ್ಟಿಗೇ ಕಳೆದುಕೊಂಡರು.

ಇನ್ನು ನಿಮ್ಮ ಅಳುಕು. ‘ಒಳಗಿದ್ದು ಬದಲಾಯಿಸುತ್ತೇನೆ’ ಎಂದುಕೊಂಡು ಹೋಗುವುದಾದರೆ ಹೋಗಬೇಡಿ. ಅಮೆರಿಕದ ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಭೂಮಿ ಎಷ್ಟು ಬಿಸಿಯಾದೀತೆಂದು ಅಂದಾಜು ಮಾಡಿದ್ದರು. ಆ ಲೆಕ್ಕ ಬಹುಪಾಲು ನಿಖರವಾಗಿತ್ತೆಂದು 2023ರಲ್ಲಿ ಸೈನ್ಸ್ ಪತ್ರಿಕೆಯ ಅಧ್ಯಯನ ತೋರಿಸಿತು. ಕಂಪನಿ ಮಾತ್ರ ಹೊರಗೆ ಬಹಳ ಕಾಲ ಅನುಮಾನದ ಮಾತನ್ನೇ ಆಡಿತು. ಹಗಲು ಪಾಳಿಗೆ ತಿಳಿದದ್ದು ರಾತ್ರಿ ಪಾಳಿಗೆ ಹೋಗಲಿಲ್ಲ ಎನ್ನಿ. ಇಲ್ಲಿ ಮರೆವು ಕಾರಣವಲ್ಲ, ಅಷ್ಟೇ. ಹಾಗೆಂದು ಕಂಪನಿಗಳು ಬದಲಾಗುವುದೇ ಇಲ್ಲವೆಂದಲ್ಲ. ಡೆನ್ಮಾರ್ಕಿನ ತೈಲ ಮತ್ತು ನೈಸರ್ಗಿಕ ಅನಿಲ ಕಂಪನಿ ತನ್ನ ತೈಲ, ಅನಿಲ ಉತ್ಪಾದನೆಯನ್ನು ಮಾರಿ 2017ರಲ್ಲಿ ಓರ್ಸ್ಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಇಂದು ಅದರ ಮುಖ್ಯ ಕೆಲಸ ಸಮುದ್ರದ ಗಾಳಿಯಿಂದ ವಿದ್ಯುತ್ ತೆಗೆಯುವುದು. ಆದರೆ ಅಂಥ ತೀರ್ಮಾನ ಹೊಸದಾಗಿ ಸೇರಿದ ಎಂಜಿನಿಯರ್‌ನ ಮೇಜಿಗೆ ಬರುವುದಿಲ್ಲ. ನಾನಾಗಿದ್ದರೆ ಐದು ವರ್ಷಕ್ಕೆಂದು ಸೇರಿ, ಕೈಕಸುಬು ಕಲಿಯುತ್ತಿದ್ದೆ. ಕೊರೆಯುವುದು, ಕೊಳವೆ ಹಾಕುವುದು, ಒತ್ತಡ ಕಾಯುವುದು ಭೂಗರ್ಭದ ಶಾಖದಿಂದ ವಿದ್ಯುತ್ ತೆಗೆಯುವವರಿಗೂ ಬೇಕು.

ಸಹಿ ಹಾಕುವ ಮೊದಲು ಅವರನ್ನು ಒಂದು ಪ್ರಶ್ನೆ ಕೇಳಿ. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಒಟ್ಟಿಗೆ ಕೂರುವ ಅರ್ಧ ಗಂಟೆಗೆ ಇಬ್ಬರಿಗೂ ಸಂಬಳ ಉಂಟೋ, ಇಲ್ಲವೋ? ನೇಮಕಾತಿ ವಿಭಾಗದವರಿಗೆ ಗೊತ್ತಿರುವುದಿಲ್ಲ. ಪಾಳಿಯಲ್ಲಿರುವ ಯಾರ ಜೊತೆಗಾದರೂ ಮಾತನಾಡಿಸಿ ಎಂದು ಪಟ್ಟು ಹಿಡಿಯಿರಿ. ಮಾತನಾಡಿಸಲು ಅವರು ಹಿಂಜರಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ