ವೆಲ್ಷ್ ಭಾಷೆಯ ‘ಹಿರೈಥ್’ ಅಂದರೆ ಏನು? ಅದನ್ನು ಹೇಗೆ ಬಳಸುತ್ತಾರೆ?

‘ಎಂದೂ ಇಲ್ಲದ ಮನೆಗಾಗಿ ಪಡುವ ಸಂಕಟ’ ಅಂತ ನೀವು ಎಲ್ಲೋ ಓದಿರುತ್ತೀರಿ. ಜೊತೆಗೆ ಮಂಜು ಮುಸುಕಿದ ಬೆಟ್ಟದ ಫೋಟೊ ಬೇರೆ. ವೇಲ್ಸ್‌ನಲ್ಲಿ ಅದು ಅಷ್ಟು ನಿಗೂಢ ಪದ ಏನಲ್ಲ. ಅಡುಗೆಮನೆಯಲ್ಲೂ ಬರುವ ಮಾತು.

ನಾನು ಎರಡು ವರ್ಷ ವೇಲ್ಸ್‌ನ ಅಬರಿಸ್ಟ್ವಿತ್ ಊರಿನಲ್ಲಿ ಓದುತ್ತಿದ್ದೆ. ಮನೆ ಓನರ್ ವಯಸ್ಸಾದ ಹೆಂಗಸು, ಮನೆಮಾತು ವೆಲ್ಷ್. ಒಂದು ಸಂಜೆ ಕಪಾಟಿನಿಂದ ಹಳೇ ಟೀ ಜಗ್ ತೆಗೆದರು. ಅದರ ಮುಚ್ಚಳದ ಅಂಚು ಒಡೆದಿತ್ತು. ಅಲ್ಲೇ ಬೆರಳಾಡಿಸುತ್ತಾ “ಮೈ ಹಿರೈಥ್ ಆರ್ನ ಈ ಆಮ್ ಮಾಮ್” ಎಂದರು. ಅಮ್ಮನ ನೆನಪು ಕಾಡ್ತಿದೆ ಅಂತ. ಅಮ್ಮ ತೀರಿಕೊಂಡು ಮೂವತ್ತು ವರ್ಷ ಆಗಿತ್ತು.

ಆ ವಾಕ್ಯ ಬಿಡಿಸಿದರೆ ‘ಅಮ್ಮನಿಗಾಗಿ ನನ್ನ ಮೇಲೆ ಹಿರೈಥ್ ಇದೆ’. ನೆಗಡಿ, ಭಯಕ್ಕೂ ವೆಲ್ಷ್‌ನಲ್ಲಿ ಹೀಗೇ ಹೇಳೋದು, ಅವು ಮನುಷ್ಯನ ಮೇಲೆ ಬಂದು ಕೂರುತ್ತವೆ. ನಾವೂ ‘ನನಗೆ ನೆಗಡಿ ಆಗಿದೆ’, ‘ಭಯ ಆಗ್ತಿದೆ’ ಅಂತೀವಿ ಅಲ್ವಾ? ನಾವು ಮಾಡೋದಲ್ಲ, ನಮಗೆ ಆಗೋದು. ಇಂಗ್ಲಿಷ್ ಮೂಲಕ ಹೋದರೆ ಸುಮ್ನೆ ಸುತ್ತು.

ಪದದ ಮೊದಲಲ್ಲಿರುವ ‘ಹಿರ್’ ಅಂದರೆ ಉದ್ದ. ಕನ್ನಡದಲ್ಲಿ ‘ಹಂಬಲ’ ಅನ್ನಬಹುದಿತ್ತು, ಆದರೆ ನಮ್ಮಲ್ಲಿ ಸೈಟು ಕೊಳ್ಳೋಕೂ ಹಂಬಲ ಇರುತ್ತೆ! ಹಿರೈಥ್ ಜಾಸ್ತಿ ತಿರುಗೋದು ಕೈಬಿಟ್ಟು ಹೋದದ್ದರ ಕಡೆಗೆ. ನನಗೆ ‘ಹಳಹಳಿಕೆ’ಯೇ ಹತ್ತಿರ ಅನ್ನಿಸುತ್ತದೆ.

ಊರಿಗೂ ಈ ಪದ ಬರುತ್ತೆ. ಲಿವರ್‌ಪೂಲ್‌ಗೆ ನೀರು ಕೊಡಲು 1965ರಲ್ಲಿ ವೇಲ್ಸ್‌ನ ಟ್ರವೆರಿನ್ ಕಣಿವೆಯ ಕಪೆಲ್ ಕೆಲಿನ್ ಹಳ್ಳಿಯನ್ನು ಮುಳುಗಿಸಿದರು. ಶಾಲೆ, ಪ್ರಾರ್ಥನಾ ಮಂದಿರ, ಪೋಸ್ಟ್ ಆಫೀಸು ಎಲ್ಲಾ ಹೋಯಿತು. ಅಬರಿಸ್ಟ್ವಿತ್‌ನಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಪಕ್ಕ ಒಂದು ಪಾಳು ಗೋಡೆ ಇದೆ. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರ: ‘ಕೊವ್ಯುಖ್ ಡ್ರವೆರಿನ್’, ಟ್ರವೆರಿನ್ ನೆನಪಿಟ್ಟುಕೊಳ್ಳಿ. ‘ಇಲ್ಲದ ಮನೆ’ ಅನ್ನೋ ವಿವರಣೆ ಇಂಥ ಕಡೆ ಸ್ವಲ್ಪ ಒಪ್ಪುತ್ತೆ. ಆದರೆ ಆ ಮನೆಗಳು ಕಲ್ಪನೆಯವಲ್ಲ, ನೀರಿನಡಿ ಹೋದವು.

ಬಳಸುವಾಗ ಒಂದು ಗಮನಿಸಿ. ವಾರದಿಂದ ಸಿಗದ ಗೆಳೆಯನಿಗೆ ಹಿರೈಥ್ ಅಂದರೆ ಭಾರ ಜಾಸ್ತಿ ಆಗುತ್ತೆ. ಅದಕ್ಕೆ ದಕ್ಷಿಣ ವೇಲ್ಸ್‌ನವರು ‘ಗ್ವೆಲ್ಡ್ ಐಶ್ಯೆ’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ, ‘ಕೊರತೆ ಕಾಣೋದು’.