ಸಿಲಿಂಡರ್ ಖಾಲಿಯಾದ್ರೆ ಆ ತೂಕ ಎಲ್ಲಿ ಹೋಯ್ತು?

ಪ್ರಶ್ನೆ: ಮೇಷ್ಟ್ರೇ, ಮಗಳು ಎಸ್ಸೆಸ್ಸೆಲ್ಸಿ. ರಾಸಾಯನಿಕ ಸಮೀಕರಣ ಸರಿದೂಗಿಸೋಕೆ ಕೂತ್ರೆ ಎಚ್₂ಒ ಇರೋ ಕಡೆ ಎಚ್₂ಒ₂ ಅಂತ ಬರೆದು "ಲೆಕ್ಕ ಸರಿ ಆಯ್ತಲ್ಲಮ್ಮ" ಅಂತಾಳೆ, ಟೆಸ್ಟಲ್ಲಿ ಮಾರ್ಕ್ಸ್ ಹೋಗ್ತಿದೆ. ನಂಗೂ ಒಂದು ಡೌಟು. ಬಚ್ಚಲ ಒಲೆಗೆ ದಿನಾ ತೋಟದ ನೆರಳಿನ ಮರ ಸವರಿದ ಮರಗಸಿ ಸೌದೆ ಒಂದು ಹೊರೆ ಹಾಕ್ತೀವಿ, ಬೆಳಿಗ್ಗೆ ನೋಡಿದ್ರೆ ಬೊಗಸೆ ಬೂದಿ. ರಾಸಾಯನಿಕ ಕ್ರಿಯೇಲಿ ರಾಶಿ, ಅಂದ್ರೆ ಒಟ್ಟು ತೂಕ, ಹಂಗೇ ಉಳಿಯುತ್ತೆ ಅಂತ ಪುಸ್ತಕದಲ್ಲಿದೆಯಲ್ಲ, ಅದು ಹೆಂಗೆ?
– ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಮೊದಲು ಮಗಳ ವಿಷಯ. ಎಚ್₂ಒ ಪಕ್ಕ ಒಂದು ಪುಟಾಣಿ 2 ಸೇರಿಸಿದ ತಕ್ಷಣ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದ್ರೆ ಬುಸ್ ಅಂತ ನೊರೆ ಬರುತ್ತಲ್ಲ ಅದು. ನಿಮ್ಮ ಕಾಫಿ ತೋಟದ ಲೆಕ್ಕದಲ್ಲೇ ಹೇಳಿ ಅವಳಿಗೆ, ಮೂಟೆ ಎಷ್ಟು ಅಂತ ಬದಲಾಯಿಸಿ ಬರೀಬಹುದು, ಆದ್ರೆ ಒಳಗಿರೋ ಅರೇಬಿಕಾನ ರೋಬಸ್ಟಾ ಅಂತ ಬರೆಯೋ ಹಂಗಿಲ್ಲ. ಸೂತ್ರದ ಮುಂದಿನ ಅಂಕಿ ಮೂಟೆ ಲೆಕ್ಕ, ಅದನ್ನ ಮಾತ್ರ ಮುಟ್ಟಬೇಕು: 2ಎಚ್₂ + ಒ₂ → 2ಎಚ್₂ಒ.

ಈಗ ನಿಮ್ಮ ಡೌಟು. ನೀವು ಸೌದೆ ತೂಗಿದ್ರಿ, ಬೂದಿ ತೂಗಿದ್ರಿ, ಗಾಳೀನ ಬಿಟ್ಟುಬಿಟ್ರಿ! ಒಣಗಿದ ಸೌದೇಲಿ ಹತ್ತತ್ರ ಅರ್ಧ ತೂಕ ಕಾರ್ಬನ್ನೇ, ಅದು ಆಕ್ಸಿಜನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊಗೆಗೂಡಿನಿಂದ ಹೋಗುತ್ತೆ, ಹೈಡ್ರೋಜನ್ ನೀರಾವಿ ಆಗಿ ಹೋಗುತ್ತೆ, ಬೇರು ಮಣ್ಣಿಂದ ಎಳ್ಕೊಂಡಿದ್ದ ಕ್ಯಾಲ್ಸಿಯಂ ಪೊಟ್ಯಾಶಿಯಂ ಥರದ್ದು ಮಾತ್ರ ಬೂದಿಯಾಗಿ ಉಳಿಯುತ್ತೆ.

ಸೌದೆ ಲೆಕ್ಕ ಕಷ್ಟ, ಗ್ಯಾಸ್ ಸಿಲಿಂಡರ್ ತಗೊಳ್ಳಿ. ಎಲ್‌ಪಿಜಿ ಅಂದ್ರೆ ಪ್ರೋಪೇನ್, ಬ್ಯುಟೇನ್ ಮಿಶ್ರಣ. ಪ್ರೋಪೇನ್ ಸಿ₃ಎಚ್₈. ಕಾರ್ಬನ್ 3 ಇದೆ, ಹಂಗಾಗಿ ಬಲಗಡೆ 3ಸಿಒ₂, ಹೈಡ್ರೋಜನ್ 8 ಇದೆ, 4ಎಚ್₂ಒ, ಈಗ ಬಲಗಡೆ ಆಕ್ಸಿಜನ್ ಎಣಿಸಿ, 6 ಮತ್ತೆ 4 ಒಟ್ಟು 10, ಹಂಗಾದ್ರೆ ಎಡಗಡೆ 5ಒ₂. ಆಕ್ಸಿಜನ್ ಒಂಟಿಯಾಗಿ ನಿಂತಿದ್ರೆ ಅದನ್ನ ಯಾವಾಗ್ಲೂ ಕೊನೆಗೆ ಇಟ್ಕೊಳ್ಳೋಕೆ ಹೇಳಿ, ಮಕ್ಕಳು ಅದರಿಂದಲೇ ಶುರು ಮಾಡಿ ಸುತ್ತಾಡ್ತಾರೆ. ಈಗ ಈ ಸಮೀಕರಣದ ಪರಮಾಣುಗಳ ತೂಕ ಕೂಡಿ ನೋಡಿ: 44 ಗ್ರಾಂ ಪ್ರೋಪೇನು, 160 ಗ್ರಾಂ ಆಕ್ಸಿಜನ್ನು, ಒಟ್ಟು 204. ಆ ಕಡೆ 132 ಗ್ರಾಂ ಕಾರ್ಬನ್ ಡೈಆಕ್ಸೈಡ್, 72 ಗ್ರಾಂ ನೀರು, ಅದೂ 204. ಅಂದ್ರೆ 14.2 ಕೆಜಿ ಗ್ಯಾಸು ಪೂರ್ತಿ ಉರಿದ್ರೆ ನಿಮ್ಮ ಅಡುಗೆಮನೆ ಗಾಳಿಗೆ ಸೇರೋದು 65 ಕೆಜಿಗೂ ಜಾಸ್ತಿ! ನಂಗಂತೂ ಇಷ್ಟು ವರ್ಷ ಪಾಠ ಮಾಡಿದ ಮೇಲೂ ಈ ಲೆಕ್ಕ ಹಾಕಿದಾಗೆಲ್ಲ ಮೈ ಜುಂ ಅನ್ನುತ್ತೆ. ತಣ್ಣೀರು ತುಂಬಿದ ಪಾತ್ರೆ ಒಲೆ ಮೇಲಿಟ್ಟ ತಕ್ಷಣ ಹೊರಗಡೆ ಬೆವರುತ್ತಲ್ಲ, ಅದರಲ್ಲಿ ಈ ನೀರೂ ಇದೆ.

ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ 1770ರ ದಶಕದಲ್ಲೇ ತವರಾನ ಮುಚ್ಚಿದ ಗಾಜಿನ ಪಾತ್ರೇಲಿ ಕಾಯಿಸಿ, ಬಾಯಿ ತೆಗೆಯೋತನಕ ತೂಕ ಬದಲಾಗಲ್ಲ, ತೆಗೆದ್ರೆ ಗಾಳಿ ನುಗ್ಗಿ ಜಾಸ್ತಿ ಆಗುತ್ತೆ ಅಂತ ತೋರಿಸಿದ್ದ.

ಮಗಳ ಕೈಲಿ ಒಂದು ಪ್ರಯೋಗ ಮಾಡ್ಸಿ. ಮೆಣಸಿನ ಬಳ್ಳಿಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಕಲೆಸೋ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತಲ್ಲ, ಅದರ ನೀರು ಒಂದು ಪ್ಲಾಸ್ಟಿಕ್ ಲೋಟದಲ್ಲಿ, ಸುಣ್ಣದ ನೀರು ಇನ್ನೊಂದರಲ್ಲಿ, ಎರಡನ್ನೂ ಒಟ್ಟಿಗೆ ತಕ್ಕಡಿ ಮೇಲಿಟ್ಟು ತೂಕ ಬರ್ಕೊಳ್ಳಿ, ಆಮೇಲೆ ಒಂದನ್ನ ಇನ್ನೊಂದಕ್ಕೆ ಸುರಿದು ಖಾಲಿ ಲೋಟದ ಸಮೇತ ಮತ್ತೆ ತೂಗಿ, ಗಟ್ಟಿ ನೀಲಿ ಗಸಿ ಹುಟ್ಟಿರುತ್ತೆ, ತೂಕ ಮೊದಲಿನಷ್ಟೇ. ಕೈಗೆ ಗ್ಲೌಸ್ ಹಾಕ್ಕೊಳ್ಳಲಿ, ಆ ಲೋಟ ಮತ್ತೆ ಅಡುಗೆಮನೆಗೆ ಬೇಡ.